ವೆನಿಸ್ ಕಾರ್ನಿವಲ್‌ಗೆ ಎರಡು ದಿನ: ಮೆಸ್ತ್ರೆ, ಪಾದೊವಾ, ಜುದೆಕ್ಕಾ – ತಂಗಲು ಯಾವುದು ವಾಸಿ?

ಮುಖವಾಡ, ವೇಷಗಳ ಹಬ್ಬವಾದ ಕಾರ್ನಿವಲ್ ದಿನಗಳಲ್ಲಿ ಇಟಲಿಯ ವೆನಿಸ್ ನೋಡಬೇಕಾದದ್ದು ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ರಾತ್ರಿ ಒಂಬತ್ತರ ಮೇಲೆ. ನಡುವಿನ ಹೊತ್ತಿನಲ್ಲಿ ಅದು ರಥಬೀದಿ. ಜನ ತಳ್ಳಿದತ್ತ ಹೋಗಬೇಕು. ಮೈತುಂಬ ವೇಷ ತೊಟ್ಟವರು ಫೋಟೊಗೆ ನಿಲ್ಲುವುದು ಸೂರ್ಯ ಹುಟ್ಟುವ ಹೊತ್ತಿಗೆ, ಊರಿನ ಮುಖ್ಯ ಚೌಕವಾದ ಸ್ಯಾನ್ ಮಾರ್ಕೊದ ನೀರಿನ ದಂಡೆಯಲ್ಲಿ. ಫೆಬ್ರವರಿಯಲ್ಲಿ ಅಂದರೆ ಸುಮಾರು ಏಳೂಕಾಲಕ್ಕೆ. ಆದ್ದರಿಂದ ಹಾಸಿಗೆಯ ಬಾಡಿಗೆಯೊಂದನ್ನೇ ನೋಡಿ ಜಾಗ ಹಿಡಿಯಬೇಡಿ. ಈ ಎರಡು ಹೊತ್ತಿಗೆ ಅಲ್ಲಿರಲು ಆಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಮ್ಯೂನಿಕ್, ಮಿಲಾನ್ ಕಡೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಹೆಚ್ಚಾಗಿ ಆರಿಸಿಕೊಳ್ಳುವ ಮೂರು ಕಡೆಯೂ ತಂಗಿ ನೋಡಿದ ಮೇಲಿನ ಲೆಕ್ಕ ಇದು.

ತಾರೀಖು ಮೊದಲು. ಕಾರ್ನಿವಲ್ ಮುಗಿಯುವುದು ಈಸ್ಟರ್‌ಗೆ 47 ದಿನ ಮೊದಲಿನ ಮಂಗಳವಾರ. 2027ರಲ್ಲಿ ಅದು ಫೆಬ್ರವರಿ 9. ಅದಕ್ಕೆ ಹಿಂದಿನ ಶನಿವಾರ, ಭಾನುವಾರ ಜನ ಅತಿ ಹೆಚ್ಚು, ಬಾಡಿಗೆಯೂ ಅತಿ ಹೆಚ್ಚು. ಒಂದು ವಾರ ಮೊದಲು ಹೋದರೆ ವೇಷಗಳೂ ಸಿಗುತ್ತವೆ, ಹಾಸಿಗೆಯೂ ಸಿಗುತ್ತದೆ. ಬೇಸಿಗೆಯ ಕೆಲವು ದಿನ ಊರಿಗೆ ಕಾಲಿಡಲು ಕಟ್ಟಬೇಕಾದ ಪ್ರವೇಶ ಶುಲ್ಕದ ಬಗ್ಗೆ ಗಾಬರಿ ಬೇಡ. 2024, 2025ರಲ್ಲಿ ಅದಿದ್ದದ್ದು ಏಪ್ರಿಲ್‌ನಿಂದ ಜುಲೈವರೆಗೆ, ಕಾರ್ನಿವಲ್‌ಗೆ ಅಲ್ಲ.

ಮೆಸ್ತ್ರೆ ಎಲ್ಲರ ಮೊದಲ ಆಯ್ಕೆ. ವೆನಿಸ್ ನಗರಸಭೆಗೇ ಸೇರಿದ, ದ್ವೀಪದ ವೆನಿಸ್‌ಗೆ ಹೋಗುವ ಸೇತುವೆಯ ಈಚೆ ನೆಲದ ಮೇಲಿರುವ ಊರು. ರೈಲಿನಲ್ಲಿ ದ್ವೀಪದ ಸಾಂತಾ ಲೂಚಿಯಾ ನಿಲ್ದಾಣಕ್ಕೆ ಹತ್ತು ಹನ್ನೆರಡು ನಿಮಿಷ, ಟಿಕೆಟ್ ಒಂದೂವರೆ ಯೂರೋ ಆಸುಪಾಸು. ಸ್ಟೇಷನ್ ಪಕ್ಕದ ಕಾ ಮಾರ್ಚೆಲ್ಲೊ ರಸ್ತೆಯಲ್ಲಿ ಹೊಸ ಹಾಸ್ಟೆಲ್‌ಗಳಿವೆ. ರಾತ್ರಿ ರೈಲು ನಿಂತ ಮೇಲೂ ದ್ವೀಪದ ಬಸ್ ನಿಲ್ದಾಣವಾದ ಪಿಯಾತ್ಸಾಲೆ ರೋಮಾದಿಂದ ರಾತ್ರಿ ಬಸ್ಸು ಸಿಗುತ್ತದೆ, ಇದು ದೊಡ್ಡ ಅನುಕೂಲ. ತೊಂದರೆ ಬೆಳಗಿನದು. ಏಳೂಕಾಲಕ್ಕೆ ಚೌಕದಲ್ಲಿರಬೇಕಾದರೆ ಆರು ಗಂಟೆಗೆ ಮೆಸ್ತ್ರೆಯಲ್ಲಿ ರೈಲು ಹತ್ತಬೇಕು, ಏಕೆಂದರೆ ಸಾಂತಾ ಲೂಚಿಯಾದಿಂದ ಸ್ಯಾನ್ ಮಾರ್ಕೊಗೆ ಖಾಲಿ ಬೀದಿಯಲ್ಲೂ 35–40 ನಿಮಿಷದ ನಡಿಗೆ. ಎರಡನೆಯ ದಿನ ಏಳುವವರು ಕಡಿಮೆ. ಬುಕ್ ಮಾಡುವಾಗ ಭೂಪಟ ತೆರೆದು ನೋಡಿ: ‘ವೆನಿಸ್’ ಎಂದು ಹೆಸರಿಟ್ಟುಕೊಂಡು ಮಾರ್ಗೇರಾದಲ್ಲೋ ಇನ್ನೂ ದೂರದ ಯೆಸೊಲೊದಲ್ಲೋ ಇರುವ ಹೋಟೆಲುಗಳಿವೆ. ಸ್ಟೇಷನ್ನಿನ ಹೆಸರೂ ಮೋಸ ಮಾಡುತ್ತದೆ. ‘ವೆನೆತ್ಸಿಯಾ ಮೆಸ್ತ್ರೆ’ ಬೇರೆ, ‘ವೆನೆತ್ಸಿಯಾ ಸಾಂತಾ ಲೂಚಿಯಾ’ ಬೇರೆ. ದ್ವೀಪಕ್ಕೆ ಹೋಗುವ ರೈಲು ನೀರಿನ ಮೇಲಿನ ಸೇತುವೆ ದಾಟಿಯೇ ನಿಲ್ಲುತ್ತದೆ; ಅದಕ್ಕೆ ಮೊದಲು ಇಳಿಯಬೇಡಿ.

ಪಾದೊವಾ ಬೇರೆಯದೇ ಲೆಕ್ಕ. 1222ರ ವಿಶ್ವವಿದ್ಯಾಲಯದ ಊರು, ಗೆಲಿಲಿಯೊ 1592ರಿಂದ 1610ರವರೆಗೆ ಪಾಠ ಹೇಳಿದ ಜಾಗ. ವಿದ್ಯಾರ್ಥಿಗಳ ಊರಾದ್ದರಿಂದ ಊಟ, ಕಾಫಿ ವೆನಿಸ್‌ಗಿಂತ ಅಗ್ಗ. ಅಲ್ಲಿ ಓದುವ ಪರಿಚಯದವರಿದ್ದು ನೆಲದ ಮೇಲೊಂದು ಹಾಸಿಗೆ ಸಿಕ್ಕರೆ ಹಣದ ಲೆಕ್ಕದಲ್ಲಿ ಇದನ್ನು ಮೀರಿಸುವುದು ಬೇರೊಂದಿಲ್ಲ. ವೆನಿಸ್ ಮುಟ್ಟಲು ವೇಗದ ಪ್ರಾದೇಶಿಕ ರೈಲಿಗೆ ಅರ್ಧ ಗಂಟೆ ಸಾಕು. ಎಲ್ಲ ಕಡೆ ನಿಲ್ಲುವ ರೈಲಿಗೆ ಮುಕ್ಕಾಲು ಗಂಟೆ ದಾಟುತ್ತದೆ, ದರ ಒಂದೇ. ಸ್ಟೇಷನ್ನಿನ ಹಲಗೆಯ ಮೇಲೆ ತಲುಪುವ ಸಮಯ ನೋಡಿ ಹತ್ತಿ. ಇಲ್ಲಿ ದಂಡ ಬೀಳುವುದು ಮೂರು ಕಾರಣಕ್ಕೆ. ಕಾಗದದ ಟಿಕೆಟನ್ನು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸದಿರುವುದು, ಫೋನಿನ ಟಿಕೆಟ್‌ಗೆ ಹತ್ತುವ ಮುನ್ನ ಚೆಕ್-ಇನ್ ಒತ್ತದಿರುವುದು, ಪ್ರಾದೇಶಿಕ ಟಿಕೆಟ್ ಹಿಡಿದು ಕೆಂಪು ಬಣ್ಣದ ಅತಿವೇಗದ ರೈಲು ಹತ್ತುವುದು. ಪಾದೊವಾದ ನಿಜವಾದ ಕೊರತೆ ರಾತ್ರಿಯದು: ಕೊನೆಯ ರೈಲು ತಪ್ಪಿದರೆ ಬೆಳಗಿನ ಜಾವದವರೆಗೆ ಗತಿಯಿಲ್ಲ. ಹೊರಡುವ ಮುನ್ನವೇ ಆ ದಿನದ ಕೊನೆಯ ರೈಲಿನ ಹೊತ್ತು ಬರೆದಿಟ್ಟುಕೊಂಡು, ಅದಕ್ಕಿಂತ ಒಂದು ಗಂಟೆ ಮೊದಲೇ ಸ್ಯಾನ್ ಮಾರ್ಕೊ ಬಿಡಿ.

ಜುದೆಕ್ಕಾ ಸ್ಯಾನ್ ಮಾರ್ಕೊ ಎದುರಿಗೇ ಇರುವ ದ್ವೀಪ. ಸೇತುವೆಯಿಲ್ಲ, ‘ವ್ಯಾಪೊರೆಟ್ಟೊ’ ಎನ್ನುವ ನಗರ ಸಾರಿಗೆಯ ದೋಣಿಯೇ ದಾರಿ. ಮೂರರಲ್ಲಿ ಬಾಡಿಗೆ ಇಲ್ಲಿಯೇ ಹೆಚ್ಚು, ಡಾರ್ಮ್ ಹಾಸಿಗೆ ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತದೆ. ಆದರೆ ಅಲ್ಲಿನ ತ್ಸಿತೆಲ್ಲೆ ದೋಣಿಕಟ್ಟೆಯಲ್ಲಿ 2ನೇ ನಂಬರ್ ದೋಣಿ ಹತ್ತಿದರೆ ನಡುವೆ ಒಂದೇ ನಿಲುಗಡೆ, ಸ್ಯಾನ್ ಜಾರ್ಜೊ. ಆಮೇಲೆ ಚೌಕದ ಪಕ್ಕದ ಸ್ಯಾನ್ ತ್ಸಕ್ಕರಿಯಾ. ಆರೂ ಮುಕ್ಕಾಲಿಗೆ ಎದ್ದರೂ ಸೂರ್ಯೋದಯ ಸಿಗುತ್ತದೆ. ವೇಷಧಾರಿಗಳನ್ನು ನೋಡಿ ಹತ್ತು ಗಂಟೆಗೆ ವಾಪಸ್ ಬಂದು ಮಲಗಿ, ಸಂಜೆ ಮತ್ತೆ ಹೋಗಬಹುದು. ಈ ನಡುಹಗಲಿನ ನಿದ್ದೆ ಮೆಸ್ತ್ರೆಯಲ್ಲಿ ದುಬಾರಿ, ಪಾದೊವಾದಲ್ಲಿ ಅಸಾಧ್ಯ. ದಟ್ಟ ಮಂಜು ಬಿದ್ದ ದಿನ ಮಾತ್ರ ದೋಣಿಗಳ ದಾರಿ ಬದಲಾಗುತ್ತದೆ, ಕಾಯಬೇಕು.

ದೋಣಿ ಟಿಕೆಟಿನ ಲೆಕ್ಕ ತಪ್ಪಿದರೆ ಜುದೆಕ್ಕಾ ಜೇಬು ಸುಡುತ್ತದೆ. ಬಿಡಿ ಟಿಕೆಟ್ 9.50 ಯೂರೋ, 75 ನಿಮಿಷ ಸಲ್ಲುತ್ತದೆ. ದಿನಕ್ಕೆ ಎರಡು ಸಲ ಹೋಗಿ ಬಂದರೆ ನಾಲ್ಕು ಟಿಕೆಟ್, 38 ಯೂರೋ. 48 ಗಂಟೆಯ ಪಾಸ್ 35. ಆದರೆ 6ರಿಂದ 29 ವರ್ಷದವರಿಗೆ ‘ರೋಲಿಂಗ್ ವೆನಿಸ್’ ಕಾರ್ಡ್ 6 ಯೂರೋ, ಅದರ ಮೇಲೆ 72 ಗಂಟೆಯ ಪಾಸ್ 27. ಒಟ್ಟು 33ಕ್ಕೆ ಮೂರು ದಿನ. ಕೊಳ್ಳುವಾಗ ಪಾಸ್‌ಪೋರ್ಟ್ ತೋರಿಸಬೇಕು. ಗಂಟೆ ಎಣಿಕೆ ಮೊದಲ ಸಲ ಯಂತ್ರಕ್ಕೆ ಮುಟ್ಟಿಸಿದಾಗ ಶುರು. ಆಮೇಲೂ ಪ್ರತಿ ಸಲ ಮುಟ್ಟಿಸಲೇಬೇಕು. ಮೆಸ್ತ್ರೆ, ಪಾದೊವಾದಿಂದ ಬರುವವರಿಗೆ ಪಾಸ್ ಕಡ್ಡಾಯವಲ್ಲ, ನಡೆದರಾಯಿತು. ದೊಡ್ಡ ಕಾಲುವೆ ದಾಟಲಷ್ಟೇ ಆದರೆ ‘ತ್ರಗೆತ್ತೊ’ ಎನ್ನುವ ಹಾಯ್ದಾಟದ ಗೊಂಡೋಲಾಕ್ಕೆ 2 ಯೂರೋ.

ನಡೆಯುವವರಿಗೆ ಒಂದು ಮಾತು. ಹಳದಿ ಫಲಕಗಳು ಎಲ್ಲರನ್ನೂ ಸ್ತ್ರಾದಾ ನೋವಾ ಬೀದಿ, ರಿಯಾಲ್ತೊ ಸೇತುವೆಯ ಮೇಲೆಯೇ ಕಳಿಸುತ್ತವೆ. ಶನಿವಾರ ಮಧ್ಯಾಹ್ನ ಆ ದಾರಿಗೆ ಒಂದು ಗಂಟೆಗೂ ಮೇಲೆ. ಪಿಯಾತ್ಸಾಲೆ ರೋಮಾದಿಂದ ಸಾಂತಾ ಮಾರ್ಗೆರೀತಾ ಚೌಕ, ಅಲ್ಲಿಂದ ಅಕ್ಕಾದೆಮಿಯಾ ಸೇತುವೆ ಹಿಡಿದರೆ ಉಸಿರಾಡಬಹುದು. ಆ ಚೌಕದಲ್ಲೇ ತಿನ್ನುವುದೂ ಅಗ್ಗ. ಸಸ್ಯಾಹಾರಿಗಳು ಬ್ರೆಡ್ ತುಂಡಿನ ಮೇಲೆ ಬೆಣ್ಣೆಯಂತೆ ಬೆಳ್ಳಗೆ ಹಚ್ಚಿದ್ದನ್ನು ಚೀಸ್ ಎಂದು ತಿಳಿಯಬಾರದು. ಅದು ‘ಬಕ್ಕಲಾ’, ಒಣಮೀನು. ಕಾರ್ನಿವಲ್‌ನ ಸಿಹಿ ಫ್ರಿತ್ತೆಲ್ಲೆಯಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಬೀದಿ ನಲ್ಲಿಗಳ ನೀರು ಕುಡಿಯಬಹುದು, ಬಾಟಲಿ ಒಯ್ಯಿರಿ. ಸ್ಯಾನ್ ಮಾರ್ಕೊದಲ್ಲಿ ನೆಲಕ್ಕೆ ಕೂತು ಬುತ್ತಿ ಬಿಚ್ಚಿದರೆ ದಂಡ. ಕನ್ನಡಕ ಹಾಕುವವರು ಉದ್ದ ಕೊಕ್ಕಿನ ಪ್ಲೇಗ್ ವೈದ್ಯನ ಮುಖವಾಡ ಕೊಳ್ಳಬೇಡಿ, ಕೂರುವುದಿಲ್ಲ. ಕೋಲು ಹಿಡಿಯ ಅರ್ಧಮುಖದ ಕೊಲೊಂಬೀನಾ ಸಾಕು.

ದುಬಾರಿ ಹಾಸಿಗೆಗೆ ಒಂದೇ ರಾತ್ರಿಯ ಹಣ ಇದ್ದರೆ ಶನಿವಾರ ರಾತ್ರಿಯನ್ನು ಜುದೆಕ್ಕಾಕ್ಕೆ ಕೊಡಿ, ಶುಕ್ರವಾರ ರಾತ್ರಿ ಮೆಸ್ತ್ರೆಯಲ್ಲಿ ಕಳೆಯಿರಿ. ಎರಡೂ ರಾತ್ರಿ ಅಗ್ಗವಾಗಿಯೇ ಆಗಬೇಕೆಂದರೆ ಮೆಸ್ತ್ರೆ. ಪಾದೊವಾ ನೆಂಟರಿದ್ದವರಿಗೆ, ಇಲ್ಲವೇ ಒಂದು ದಿನ ಕಾರ್ನಿವಲ್, ಒಂದು ದಿನ ಹಳೆಯ ಕಾಲದ ಚಿತ್ರಕಾರ ಜೊತ್ತೊ ಬರೆದ ಗೋಡೆಚಿತ್ರಗಳಿರುವ ಅಲ್ಲಿನ ಸ್ಕ್ರೊವೆಂಯಿ ಮಂದಿರ ಎಂದು ಹಂಚಿಕೊಳ್ಳುವವರಿಗೆ. ಮಂದಿರಕ್ಕೆ ಹೊತ್ತು ಗೊತ್ತುಮಾಡಿ ಮುಂಚೆಯೇ ಟಿಕೆಟ್ ಕಾದಿರಿಸಬೇಕು.

ಭಾನುವಾರ ಸಂಜೆ ಐದರಿಂದ ಎಂಟರವರೆಗೆ ಸಾಂತಾ ಲೂಚಿಯಾ ತುಂಬಿ ತುಳುಕುತ್ತದೆ. ಜರ್ಮನಿ ಕಡೆಯ ಬಸ್ಸು, ದೂರದ ಬಸ್ಸುಗಳು ನಿಲ್ಲುವ ತ್ರೊಂಕೆತ್ತೊ ದ್ವೀಪದಿಂದ ಹೊರಡುವುದಾದರೆ ಸ್ಟೇಷನ್ ಕಡೆಗೆ ಹೋಗಲೇಬೇಡಿ: ತ್ಸಿತೆಲ್ಲೆಯಿಂದ ಅದೇ 2ನೇ ನಂಬರ್ ದೋಣಿ ಜುದೆಕ್ಕಾ ಕಾಲುವೆಯ ಮೂಲಕ ನೇರ ಅಲ್ಲಿಗೇ ಮುಟ್ಟಿಸುತ್ತದೆ. ಗಡಿಯಲ್ಲಿ ಪೊಲೀಸರು ಬಸ್ ಹತ್ತಿ ಕೇಳುತ್ತಾರೆ. ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್ ಎರಡೂ ಮೂಲಪ್ರತಿಯೇ ಕೈಚೀಲದಲ್ಲಿರಲಿ.