ಹೆಬ್ಬೇವಿನ ತೋಟಕ್ಕೆ ಕೋಲುಗರಗಸ: ಎರಡು ವರ್ಷ ಬಳಸಿದ ಮೇಲೆ

ಹರಿಯಾಣದ ಯಮುನಾನಗರದ ಕಡೆ ಪ್ಲೈವುಡ್‌ಗೆ ಪಾಪ್ಲರ್ ಬೆಳೆಯುತ್ತಾರೆ. ನಮ್ಮ ಗುಬ್ಬಿ ಕಡೆ ಆ ಕೆಲಸಕ್ಕೆ ಹೆಬ್ಬೇವು. ಎರಡಕ್ಕೂ ಕಾಟ ಒಂದೇ, ಅಡ್ಡಕೊಂಬೆ. ಎಳೆಯದರಲ್ಲೇ ಸವರದಿದ್ದರೆ ಕಾಂಡದಲ್ಲಿ ಗಂಟು ಉಳಿಯುತ್ತದೆ. ಗಂಟಿರುವ ದಿಮ್ಮಿಗೆ ರೇಟು ಕಮ್ಮಿ.

ನನ್ನದು ಒಂದೂವರೆ ಎಕರೆ. ಮೊದಲೆಲ್ಲ ಏಣಿ ಹತ್ತಿ ಮಚ್ಚಿನಲ್ಲಿ ಕಡಿಯುತ್ತಿದ್ದೆ, ತೊಗಟೆಯೇ ಕಿತ್ತು ಬರುತ್ತಿತ್ತು. ಆಮೇಲೆ ಈ ಗರಗಸ ತಂದೆ. ಅಲ್ಯೂಮಿನಿಯಂ ಕೋಲು, ಪೂರ್ತಿ ಎಳೆದರೆ 14 ಅಡಿ. ಬಾಗಿದ ಅಲಗು ನಮ್ಮ ಕಡೆಗೆ ಎಳೆಯುವಾಗ ಕೊಯ್ಯುತ್ತದೆ. ಹೆಬ್ಬೆರಳು ದಪ್ಪದ ಕೊಂಬೆ ನಾಲ್ಕೈದು ಎಳೆತಕ್ಕೆ ಬೀಳುತ್ತದೆ. ದಪ್ಪ ಕೊಂಬೆಯಾದರೆ ಮೊದಲು ಒಂದಡಿ ಬಿಟ್ಟು ಕತ್ತರಿಸಿ, ಉಳಿದ ಮೋಟನ್ನು ಆಮೇಲೆ ತೆಗೆಯಿರಿ. ಇಲ್ಲದಿದ್ದರೆ ಭಾರಕ್ಕೆ ತೊಗಟೆ ಸೀಳಿಕೊಳ್ಳುತ್ತದೆ.

ಅಲಗಿಗೆ ಪೂರ್ತಿ ಮಾರ್ಕ್ಸ್. ಕೋಲಿನ ಪ್ಲಾಸ್ಟಿಕ್ ಲಾಕ್‌ಗೆ ಸೊನ್ನೆ! ಆರೇ ತಿಂಗಳಿಗೆ ಜಾರತೊಡಗಿತು. ಅಂಗಡಿಯವರು "ಅದಕ್ಕೆ ವಾರಂಟಿ ಇಲ್ಲ ಅಣ್ಣ" ಅಂದರು. ಈಗ ಪೈಪಿನ ಕ್ಲಾಂಪ್ ಹಾಕಿಕೊಂಡಿದ್ದೇನೆ. ಅರ್ಧ ಗಂಟೆಗೇ ಕತ್ತು ನೋಯುತ್ತದೆ, ಅದು ಬೇರೆ ವಿಷಯ. ಕರೆಂಟ್ ತಂತಿ ಹತ್ತಿರ ಮಾತ್ರ ಈ ಕೋಲು ಬೇಡವೇ ಬೇಡ.

ಬಿದ್ದ ಕೊಂಬೆಯೆಲ್ಲ ಬಚ್ಚಲೊಲೆಗೆ. ಈ ವರ್ಷ ಸೌದೆ ಕೊಂಡಿಲ್ಲ. ಬೇಲಿ ಪಕ್ಕದ ಒಣಗಿದ ನುಗ್ಗೆಯನ್ನೂ ಸವರೋಣ ಅಂತ ಹೋಗಿದ್ದೆ. ಅದರಲ್ಲಿ ಕುಟ್ರುಹಕ್ಕಿ ಪೊಟರೆ ಕೊರೆದಿತ್ತು. ಸುಮ್ನೆ ವಾಪಸ್ ಬಂದೆ.