ಶೇ. 5 ಕ್ಯಾಶ್‌ಬ್ಯಾಕ್ ನಂಬಿ ದೊಡ್ಡ ಖರ್ಚಿಗೆ ಕೈಹಾಕುವ ಮುನ್ನ ಇದನ್ನು ಓದಿ

ಖರ್ಚು ಹೆಚ್ಚಾದಷ್ಟೂ ಕ್ಯಾಶ್‌ಬ್ಯಾಕ್ ದರ ಏರುತ್ತದೆ ಎನ್ನುವ ಕ್ರೆಡಿಟ್ ಕಾರ್ಡ್ ನಿಮ್ಮ ಹತ್ತಿರ ಇದ್ದರೆ, ಅಥವಾ ಅಂಥದ್ದನ್ನು ತೆಗೆದುಕೊಳ್ಳುವ ಯೋಚನೆ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಥರದ ಲೆಕ್ಕ ಬೇರೆ ಬೇರೆ ಕಾರ್ಡ್‌ಗಳಲ್ಲೂ ಇರುತ್ತದೆ, ಹಾಗಾಗಿ ಹೆಸರಿಗಿಂತ ಲೆಕ್ಕ ಗೊತ್ತಾಗುವುದು ಮುಖ್ಯ.

ನನ್ನ ಕಾರ್ಡ್‌ನ ದರಪಟ್ಟಿ ಹೀಗಿತ್ತು. ಒಂದು ಬಿಲ್ಲಿಂಗ್ ಸೈಕಲ್‌ನಲ್ಲಿ (ಒಂದು ಬಿಲ್‌ನಿಂದ ಮುಂದಿನ ಬಿಲ್‌ವರೆಗಿನ ಅವಧಿಯಲ್ಲಿ) ಮೊದಲ 20,000 ರೂಪಾಯಿಗೆ ಶೇ. 1, ಅಲ್ಲಿಂದ 50,000ದವರೆಗೆ ಶೇ. 2, 50,000 ದಾಟಿದ ಮೇಲೆ ಶೇ. 5. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಕೊನೆಯ ಅಂಕಿ ಒಂದೇ. ಮನೆಯಲ್ಲಿ ದೊಡ್ಡ ಖರ್ಚು ಇತ್ತು. ಕಾರ್ಡ್ ಉಜ್ಜುವ ಮೊದಲೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, "50,000 ದಾಟಿದರೆ ಇಡೀ ಮೊತ್ತಕ್ಕೆ ಶೇ. 5 ಸಿಗುತ್ತಾ?" ಎಂದು ನೇರವಾಗಿ ಕೇಳಿದೆ. "ಹೌದು ಮೇಡಂ, ಸಿಗುತ್ತೆ" ಅಂದರು. ಆ ಸೈಕಲ್‌ನಲ್ಲಿ ಒಟ್ಟು 62,000 ಖರ್ಚಾಯಿತು. ಅವರ ಮಾತಿನ ಪ್ರಕಾರ 3,100 ವಾಪಸ್ ಬರಬೇಕಿತ್ತು. ಬಿಲ್ ಬಂದಾಗ ಕ್ಯಾಶ್‌ಬ್ಯಾಕ್ ಎದುರು ಇದ್ದದ್ದು 760.

ಬೆನ್ನು ಹತ್ತಿ ವಿಚಾರಿಸಿದಾಗ ಕಾರಣಗಳು ಒಂದೊಂದಾಗಿ ಹೊರಬಂದವು. ದರ ಏರುವುದು ಆದಾಯ ತೆರಿಗೆಯ ಸ್ಲ್ಯಾಬ್ ಇದ್ದ ಹಾಗೆ. ಮೇಲಿನ ದರ ಆ ಗೆರೆ ದಾಟಿದ ಹಣಕ್ಕೆ ಮಾತ್ರ, ಕೆಳಗಿನದಕ್ಕೆ ಹಳೆಯ ದರವೇ. ಅಂದರೆ 62,000ಕ್ಕೆ ಮೊದಲ 20,000ದಿಂದ 200, ನಂತರದ 30,000ದಿಂದ 600, ಉಳಿದ 12,000ದಿಂದ 600, ಒಟ್ಟು 1,400. ಅಲ್ಲಿಗೇ ಅರ್ಧಕ್ಕಿಂತ ಹೆಚ್ಚು ಹೋಯಿತು.

ಆಮೇಲೆ ತಾರೀಖಿನ ಪ್ರಶ್ನೆ. ಸೈಕಲ್ ಮುಗಿಯುವ ಹೊತ್ತಿಗೆ ಮಾಡಿದ 9,000ದ ಖರೀದಿ ಸೈಕಲ್ ಮುಗಿದ ದಿನ ಇನ್ನೂ ಪೆಂಡಿಂಗ್‌ನಲ್ಲೇ ಇತ್ತು. ಕಾರ್ಡ್ ಉಜ್ಜಿದ ದಿನ ಬೇರೆ, ಅದು ಖಾತೆಗೆ ಪೋಸ್ಟ್ ಆಗುವ, ಅಂದರೆ ಪಕ್ಕಾ ದಾಖಲಾಗುವ, ದಿನ ಬೇರೆ. ಕಾರ್ಡ್ ಕಂಪನಿಯವರು ಲೆಕ್ಕಕ್ಕೆ ಹಿಡಿಯುವುದು ಪೋಸ್ಟ್ ಆದ ದಿನವನ್ನು. ಹೀಗಾಗಿ ಆ 9,000 ಮುಂದಿನ ಸೈಕಲ್‌ಗೆ ಹೋಗಿ, ಅಲ್ಲಿ ಮೊದಲ ಹಂತದ ಶೇ. 1ರ ಪ್ರಕಾರ 90 ತಂದಿತು. ಇನ್ನು 5,000ವನ್ನು ವ್ಯಾಲೆಟ್‌ಗೆ ಹಾಕಿದ್ದೆ. ವ್ಯಾಲೆಟ್‌ಗೆ ತುಂಬಿದ ಹಣಕ್ಕೆ ಕ್ಯಾಶ್‌ಬ್ಯಾಕ್ ಇಲ್ಲ, ಹಂತ ಏರುವ ಲೆಕ್ಕಕ್ಕೂ ಅದು ಸೇರುವುದಿಲ್ಲ. ಎರಡೂ ಕಳೆದರೆ ಉಳಿದದ್ದು 48,000. 200 ಮತ್ತು 560 ಸೇರಿ 760. ಶೇ. 5ರ ಹಂತವನ್ನು ನನ್ನ ಖರ್ಚು ಮುಟ್ಟಲೇ ಇಲ್ಲ.

ಮುಂದಿನ ಸೈಕಲ್‌ನ 90 ಸೇರಿಸಿದರೂ 850. ಹಂತ-ಗಿಂತ ಏನೂ ಇಲ್ಲದೆ ಎಲ್ಲದಕ್ಕೂ ಶೇ. 1.5 ಕೊಡುವ ಸಾದಾ ಕಾರ್ಡ್ ಆಗಿದ್ದರೆ, ಅಲ್ಲೂ ವ್ಯಾಲೆಟ್ ಹಣ ಬಿಟ್ಟು 57,000ಕ್ಕೆ 855 ಬರುತ್ತಿತ್ತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಷರತ್ತುಗಳನ್ನು ಕೂತು ಓದಿದಾಗ. ಶೇ. 5ರ ಹಂತದಲ್ಲಿ ಒಂದು ಸೈಕಲ್‌ಗೆ ಗರಿಷ್ಠ 1,000 ಮಾತ್ರ ಎಂಬ ಮಿತಿ ಇತ್ತು. ಶೇ. 5ರಲ್ಲಿ 1,000 ಆಗಲು 20,000 ಸಾಕು. ಅಂದರೆ ಒಟ್ಟು ಖರ್ಚು 70,000 ಮುಟ್ಟಿದ ಕ್ಷಣಕ್ಕೆ ಕ್ಯಾಶ್‌ಬ್ಯಾಕ್ 1,800ಕ್ಕೆ ನಿಲ್ಲುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಒಂದು ಪೈಸೆ ಹೆಚ್ಚು ಬರುವುದಿಲ್ಲ. 70,000ಕ್ಕೆ 1,800 ಎಂದರೆ ಸುಮಾರು ಶೇ. 2.57. ಆ ಕಾರ್ಡ್ ಯಾರಿಗೇ ಆಗಲಿ, ಎಷ್ಟೇ ಖರ್ಚು ಮಾಡಲಿ, ಕೊಡಬಹುದಾದ ಅತಿ ಹೆಚ್ಚಿನ ಸರಾಸರಿ ಅಷ್ಟೇ. ಒಂದು ಲಕ್ಷ ಖರ್ಚು ಮಾಡಿದವರಿಗೆ ಅದು ಶೇ. 1.8ಕ್ಕೆ ಇಳಿಯುತ್ತದೆ. ಇದನ್ನು ಶೇ. 5ರ ಕಾರ್ಡ್ ಎಂದು ಮಾರುವುದು ಜನರಿಗೆ ಮಾಡುವ ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಎಲ್ಲ ಕಾರ್ಡ್‌ಗಳೂ ಸ್ಲ್ಯಾಬ್ ಲೆಕ್ಕವನ್ನೇ ಹಿಡಿಯುವುದಿಲ್ಲ ಎಂಬುದೂ ಗೊತ್ತಿರಲಿ. ಕೆಲವಲ್ಲಿ ಗೆರೆ ದಾಟಿದರೆ ಇಡೀ ಮೊತ್ತಕ್ಕೆ ಮೇಲಿನ ದರ ಸಿಗುತ್ತದೆ. ಅಂಥ ಕಡೆ ಗೆರೆಯ ಅಂಚಿನಲ್ಲಿ ದೊಡ್ಡ ಜಿಗಿತ ಇರುತ್ತದೆ. ಇದೇ ದರಗಳಲ್ಲಿ 49,900ಕ್ಕೆ 998 ಬಂದರೆ, 50,000 ದಾಟಿದೊಡನೆ 2,500ಕ್ಕೂ ಹೆಚ್ಚು. ಸ್ಲ್ಯಾಬ್ ಲೆಕ್ಕದಲ್ಲಿ ಆ ಜಿಗಿತವೇ ಇಲ್ಲ. 48,000ದಲ್ಲಿ ನಿಂತವರು ಬೇಡದ ವಸ್ತು ಕೊಂಡು 50,000 ಮಾಡಿದರೆ ಹೆಚ್ಚಿಗೆ ಬರುವುದು ಬರೀ 40. ಗೆರೆ ಮುಟ್ಟಲೆಂದು ಖರ್ಚು ಮಾಡುವವರು ತಮ್ಮ ಕಾರ್ಡ್ ಇವೆರಡರಲ್ಲಿ ಯಾವ ಜಾತಿಗೆ ಸೇರಿದ್ದು ಎಂದು ಮೊದಲು ತಿಳಿದುಕೊಳ್ಳಲೇಬೇಕು.

ಖರ್ಚಿನ ಬಗೆಯ ಮೇಲೆ ದರ ಬದಲಾಗುವ ಕಾರ್ಡ್‌ಗಳಲ್ಲಿ ಬೇರೆಯದೇ ತೊಂದರೆ. ಕಾರ್ಡ್ ತೆಗೆದುಕೊಳ್ಳುವ ಪ್ರತಿ ವ್ಯಾಪಾರಿಗೂ ಮರ್ಚೆಂಟ್ ಕೆಟಗರಿ ಕೋಡ್ ಎಂಬ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. ಇದಕ್ಕೆ ಐಎಸ್‌ಒ 18245 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. 5411 ಎಂದರೆ ದಿನಸಿ ಮತ್ತು ಸೂಪರ್ ಮಾರ್ಕೆಟ್, 5311 ಎಂದರೆ ಡಿಪಾರ್ಟ್‌ಮೆಂಟ್ ಸ್ಟೋರ್. ಕೋಡ್ ಕೊಡುವುದು ವ್ಯಾಪಾರಿಯ ಬ್ಯಾಂಕ್. ನೀವು ಕೊಂಡದ್ದು ದಿನಸಿಯೇ ಆಗಿದ್ದರೂ ಅಂಗಡಿಯ ಕೋಡ್ 5311 ಆಗಿದ್ದರೆ ದಿನಸಿಯ ದರ ಸಿಗದೇ ಹೋಗಬಹುದು. ಚೀಲದಲ್ಲಿ ಏನಿದೆ ಎಂಬುದು ಕಾರ್ಡ್ ಕಂಪನಿಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಒಂದು ಸಣ್ಣ ಮೊತ್ತದ ಖರೀದಿ ಮಾಡಿ, ಅದಕ್ಕೆ ಯಾವ ದರ ಬಿತ್ತು ಎಂದು ನೋಡಿಕೊಂಡು ಆಮೇಲೆ ದೊಡ್ಡದಕ್ಕೆ ಹೋಗುವುದು ಕ್ಷೇಮ.

ವಸ್ತು ವಾಪಸ್ ಮಾಡಿದರೆ ಅದಕ್ಕೆ ಬಂದ ಕ್ಯಾಶ್‌ಬ್ಯಾಕ್ ಕೂಡ ವಾಪಸ್ ಹೋಗುತ್ತದೆ. ಬಾಡಿಗೆ, ಇಂಧನ, ನಗದು ತೆಗೆದದ್ದು, ಇಎಂಐಗೆ ಬದಲಿಸಿದ್ದು, ಇವನ್ನು ಲೆಕ್ಕದಿಂದ ಹೊರಗಿಡುವ ಕಾರ್ಡ್‌ಗಳು ಬಹಳ.

ಇದೆಲ್ಲಕ್ಕಿಂತ ಹೆದರಬೇಕಾದದ್ದು ಬಡ್ಡಿಗೆ. ಹಂತ ಏರಲೆಂದು ಖರ್ಚು ಮಾಡಿ ಬಿಲ್ ಪೂರ್ತಿ ಕಟ್ಟಲಾಗದೆ 20,000 ಉಳಿಸಿಕೊಂಡರೆ, ತಿಂಗಳಿಗೆ ಶೇ. 3ರ ಲೆಕ್ಕದಲ್ಲಿ 600 ಬಡ್ಡಿ. ಎಷ್ಟೋ ಕಾರ್ಡ್‌ಗಳಲ್ಲಿ ಬಾಕಿ ಉಳಿದ ಮೇಲೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು. ಮಿನಿಮಮ್ ಡ್ಯೂ (ಬಿಲ್‌ನಲ್ಲಿ ತೋರಿಸುವ ಕನಿಷ್ಠ ಮೊತ್ತ) ಮಾತ್ರ ಕಟ್ಟಿದರೆ ಲೇಟ್ ಫೀ ತಪ್ಪೀತು, ಬಡ್ಡಿ ತಪ್ಪುವುದಿಲ್ಲ.

ನನ್ನ ದೂರಿಗೆ ಬಂದ ಉತ್ತರ ಇಷ್ಟೇ: ಫೋನಿನಲ್ಲಿ ಪ್ರತಿನಿಧಿ ಏನೇ ಹೇಳಿರಲಿ, ಷರತ್ತುಗಳಲ್ಲಿ ಇರುವುದೇ ಅಂತಿಮ. ಕರೆಯ ರೆಕಾರ್ಡಿಂಗ್ ಕೇಳಿದೆ, ಕೊಡಲಿಲ್ಲ. ಹಾಗಾಗಿ ನೀವು ಕೇಳುವುದಿದ್ದರೆ ಇಮೇಲ್‌ನಲ್ಲೇ ಕೇಳಿ, ಅದರಲ್ಲಿ ನಿಮ್ಮ ಅಂದಾಜು ಖರ್ಚಿನ ಮೊತ್ತವನ್ನೇ ಬರೆಯಿರಿ. "ಇಂತಿಷ್ಟು ಖರ್ಚು ಮಾಡಿದರೆ ಒಟ್ಟು ಎಷ್ಟು ಕ್ಯಾಶ್‌ಬ್ಯಾಕ್ ಬರುತ್ತದೆ, ಮಿತಿ ಎಷ್ಟು, ಯಾವ ದಿನದೊಳಗೆ ಪೋಸ್ಟ್ ಆಗಬೇಕು?" ಎಂದು ಕೇಳಿದರೆ ಶೇಕಡಾ ಲೆಕ್ಕ ಹೇಳಿ ಜಾರಿಕೊಳ್ಳಲು ಅವರಿಗೆ ಆಗುವುದಿಲ್ಲ. ಬರಹದಲ್ಲಿ ಉತ್ತರ ಬರುವವರೆಗೆ ಆ ದೊಡ್ಡ ಖರ್ಚನ್ನು ಕಾರ್ಡ್ ಮೇಲೆ ಹಾಕಬೇಡಿ.