ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಡಿಟರ್ ಆಗಿ ಹನ್ನೊಂದು ವರ್ಷ: ಹಳಬರಿಗೆ ಮಾತು, ಹೊಸಬರಿಗೆ ಟೆಂಪ್ಲೇಟು

ಓದೋಕೆ ವಿಕಿಪೀಡಿಯ ಹೇಗಿದೆ ಅಂತ ಯಾರಿಗೂ ರಿವ್ಯೂ ಬೇಕಾಗಿಲ್ಲ, ದಿನಾ ಎಲ್ಲರೂ ಓದ್ತಾನೇ ಇರ್ತಾರೆ. ನಾನು ಬರೀತಿರೋದು ಒಳಗೆ ಕೂತು ಎಡಿಟ್ ಮಾಡೋರ ಕಡೆಯಿಂದ. ಅಕೌಂಟ್ ಮಾಡಿ ಹನ್ನೊಂದು ವರ್ಷ ಆಯ್ತು, ಹೆಚ್ಚಾಗಿ ಪತಂಗಗಳ ಪುಟಗಳಲ್ಲೇ ನನ್ನ ಕೆಲಸ, ಎಡಿಟ್ ಲೆಕ್ಕ ಆರು ಸಾವಿರ ದಾಟಿದೆ, ಅಲ್ಲಿನ ದೊಡ್ಡೋರ ಮುಂದೆ ಇದೇನೂ ಅಲ್ಲ, ಆದ್ರೆ ಹೊಸಬ ಅಂತೂ ಅಲ್ಲ.

ಮೊದಲು ಒಳ್ಳೇದು ಹೇಳ್ಬಿಡ್ತೀನಿ. 2001ರಲ್ಲಿ ಶುರುವಾದಾಗ ಇದ್ದ ಮೂಲ ಗುಣ ಇನ್ನೂ ಉಳಿದಿದೆ, ಬಹುಪಾಲು ಪುಟಗಳನ್ನ ಯಾರು ಬೇಕಾದ್ರೂ ಅಕೌಂಟ್ ಕೂಡ ಇಲ್ದೆ ತಿದ್ದಬಹುದು. ಬರೆದಿಟ್ಟ ನಿಯಮಗಳ ಬಗ್ಗೆಯೂ ನನಗೆ ತಕರಾರಿಲ್ಲ. ಅಕೌಂಟ್‌ಗೆ 4 ದಿನ ಆಗಿ 10 ಎಡಿಟ್ ಮಾಡಿದ್ರೆ ಸ್ವಲ್ಪ ಬೀಗ ಹಾಕಿರೋ ಪುಟಗಳು ತೆರೀತಾವೆ, ತುಂಬ ಜಗಳ ಇರೋ ವಿಷಯಗಳಿಗೆ 30 ದಿನ ಮತ್ತು 500 ಎಡಿಟ್ ಬೇಕು, 2018ರಿಂದ ಹೊಸ ಲೇಖನ ನೇರವಾಗಿ ಹಾಕೋಕೂ ಆ 4 ದಿನ 10 ಎಡಿಟ್ ಬೇಕೇ ಬೇಕು. ಇವೆಲ್ಲ ಎಲ್ಲರಿಗೂ ಒಂದೇ, ಕಾದ್ರೆ ಸಿಗುತ್ತೆ, ನ್ಯಾಯವಾಗಿದೆ.

ನನ್ನ ಬೇಜಾರು ಬರೆದಿಡದ ನಿಯಮದ ಬಗ್ಗೆ, ಮತ್ತೆ ಅದನ್ನ ನಾನೇ ಪಾಲಿಸಿದ್ದೀನಿ ಅನ್ನೋದ್ರ ಬಗ್ಗೆ.

ಅಲ್ಲಿ ಟ್ವಿಂಕಲ್ ಅಂತ ಒಂದು ಟೂಲ್ ಇದೆ. ಹೊಸ ಎಡಿಟ್ ಸರಿ ಅನ್ನಿಸ್ಲಿಲ್ಲ ಅಂದ್ರೆ ಒಂದು ಕ್ಲಿಕ್‌ಗೆ ರಿವರ್ಟ್ (ಅಂದ್ರೆ ಪುಟ ಮೊದಲಿದ್ದ ಹಾಗೇ ವಾಪಸ್), ಇನ್ನೆರಡು ಕ್ಲಿಕ್‌ಗೆ ಆ ವ್ಯಕ್ತಿಯ ಟಾಕ್ ಪೇಜಲ್ಲಿ, ಅಂದ್ರೆ ಚರ್ಚೆಯ ಪುಟದಲ್ಲಿ, ಟೆಂಪ್ಲೇಟ್ ಅನ್ನೋ ರೆಡಿಮೇಡ್ ಎಚ್ಚರಿಕೆ ಹೋಗಿ ಕೂರುತ್ತೆ. ಎಚ್ಚರಿಕೆಯಲ್ಲಿ 1ರಿಂದ 4ರ ತನಕ ಹಂತ ಇದೆ, ಮೊದಲನೇದು ಮೃದು, ನಾಲ್ಕನೇದು ಅಂದ್ರೆ ಇನ್ನೊಂದ್ಸಲ ಮಾಡಿದ್ರೆ ಬ್ಲಾಕ್ ಅಂತ. ಕೆಲವು ವರ್ಷದ ಹಿಂದೆ ಒಬ್ರು ಹೊಸಬರು ಒಂದು ಪತಂಗದ ಪುಟದಲ್ಲಿ ರೆಕ್ಕೆಯ ಅಗಲದ ಅಳತೆ ಬದಲಾಯಿಸಿದ್ರು, ರೆಫರೆನ್ಸ್ ಕೊಟ್ಟಿರ್ಲಿಲ್ಲ, ನಾನು ರಿವರ್ಟ್ ಮಾಡಿ ಹಂತ 1 ಕಳಿಸ್ದೆ, ಅವರು ಮತ್ತೆ ಹಾಕಿದ್ರು, ನಾನು ಹಂತ 2 ಕಳಿಸ್ದೆ, ಅಷ್ಟೇ, ಆಮೇಲೆ ಅವರು ಬರ್ಲೇ ಇಲ್ಲ. ನನಗೆ ಅವತ್ತು ಕೆಲಸ ಮುಗೀತು ಅಂತ ಸಮಾಧಾನ ಆಗಿತ್ತು, ಅದನ್ನ ನೆನೆಸ್ಕೊಂಡ್ರೆ ಇವತ್ತು ಸಂಕಟ ಆಗುತ್ತೆ. ಯಾಕಂದ್ರೆ ಎರಡು ತಿಂಗಳಾದ್ಮೇಲೆ ಬೇರೆ ಏನೋ ಹುಡುಕ್ತಾ ಒಂದು ಪ್ರಬಂಧ ಓದಿದೆ, ಅದರಲ್ಲಿ ಅವರು ಹಾಕಿದ್ದ ಅಳತೆನೇ ಇತ್ತು. ಪುಟ ತಿದ್ದಿ, ಅವರ ಟಾಕ್ ಪೇಜಲ್ಲಿ ಕ್ಷಮೆ ಕೇಳಿ ಉದ್ದಕ್ಕೆ ಬರೆದೆ. ಉತ್ತರ ಬರ್ಲಿಲ್ಲ. ಆ ಅಕೌಂಟಿನ ಒಟ್ಟು ಎಡಿಟ್ ಇವತ್ತಿಗೂ ಎರಡೇ.

ನನಗೆ ಜಾಸ್ತಿ ಚುಚ್ಚಿದ್ದು ಇನ್ನೊಂದು. ಸುಮಾರು ಅದೇ ಸಮಯಕ್ಕೆ, ನನಗೆ ಪರಿಚಯ ಇದ್ದ ಒಬ್ಬ ಹಳೇ ಎಡಿಟರ್ ಇನ್ನೊಂದು ಪುಟದಲ್ಲಿ ರೆಫರೆನ್ಸ್ ಇಲ್ದೆ ಹೀಗೇ ಅಂಕಿ ಬದಲಾಯಿಸಿದ್ರು. ನಾನು ರಿವರ್ಟ್ ಮಾಡ್ಲಿಲ್ಲ. ಅವರ ಟಾಕ್ ಪೇಜಿಗೆ ಹೋಗಿ, ಇದು ಎಲ್ಲಿಂದ ಸಿಕ್ತು ಸ್ವಲ್ಪ ಹೇಳ್ತೀರಾ ಅಂತ ಕೇಳ್ದೆ. ತಪ್ಪು ಒಂದೇ, ಒಬ್ಬರಿಗೆ ಪ್ರಶ್ನೆ ಸಿಕ್ತು, ಇನ್ನೊಬ್ಬರಿಗೆ ಎಚ್ಚರಿಕೆ ಸಿಕ್ತು. ಆ ಹೊಸಬರನ್ನೂ ಹಾಗೇ ಕೇಳಿದ್ರೆ ಬಹುಶಃ ಆ ಪ್ರಬಂಧದ ಹೆಸರೇ ಹೇಳ್ತಿದ್ರೇನೋ.

ಇದು ನನ್ನೊಬ್ಬನ ಅಭ್ಯಾಸ ಅಲ್ಲ. ಹಳಬರಿಗೆ ಟೆಂಪ್ಲೇಟ್ ಹಾಕಬೇಡಿ, ಅವರಿಗೆ ಕೈಯಾರೆ ಬರೆದು ಹೇಳಿ ಅಂತ ವಿಕಿಪೀಡಿಯದಲ್ಲೇ ಒಂದು ಪ್ರಸಿದ್ಧ ಬರಹ ಇದೆ. ಅದು ನಿಯಮ ಅಲ್ಲ, ಎಡಿಟರ್‌ಗಳ ಅಭಿಪ್ರಾಯ ಅಷ್ಟೇ, ಅದಕ್ಕೆ ಉಲ್ಟಾ ಹೇಳೋ ಬರಹಾನೂ ಇದೆ. ಹೊಸಬರ ಮೇಲೆ ಎಗರಿ ಬೀಳಬೇಡಿ ಅನ್ನೋ ಮಾರ್ಗಸೂಚಿ ಬೇರೆ ಇದೆ, ಅದಕ್ಕೆ ಇದಕ್ಕಿಂತ ತೂಕ ಜಾಸ್ತಿ. ಆದ್ರೆ ನಾನು ನೋಡಿದ ಹಾಗೆ ದಿನದ ಕೆಲಸದಲ್ಲಿ ನಡೆಯೋದು ಮೊದಲನೇದೇ. ಟೆಂಪ್ಲೇಟಿಂದ ಹಳಬರಿಗೆ ಬೇಜಾರಾಗುತ್ತೆ ಅಂತ ನಮಗೆ ಗೊತ್ತು, ಹಾಗಿದ್ಮೇಲೆ ಮೊದಲನೇ ದಿನ ಬಂದೋರಿಗೆ ಅದು ಎಷ್ಟು ತಾಗಬಹುದು ಅಂತಾನೂ ಗೊತ್ತಿರಬೇಕಲ್ವಾ?

ಇದರಿಂದ ಆಗಿರೋ ನಷ್ಟನೂ ಸಣ್ಣದಲ್ಲ. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಎಡಿಟರ್‌ಗಳ ಸಂಖ್ಯೆ 2007ರ ತನಕ ಏರಿ ಆಮೇಲೆ ಇಳೀತು. ಒಳ್ಳೇ ಮನಸ್ಸಿಂದ ಬರೋ ಹೊಸಬರ ಎಡಿಟ್‌ಗಳು ಹೆಚ್ಚು ಹೆಚ್ಚು ತಿರಸ್ಕಾರ ಆಗ್ತಾ ಹೋಗಿದ್ದು, ಅದರಿಂದ ಅವರು ನಿಲ್ಲದೆ ಹೋಗಿದ್ದು ಇದಕ್ಕೆ ದೊಡ್ಡ ಕಾರಣ ಅಂತ 2013ರಲ್ಲಿ ಬಂದ ಒಂದು ಸಂಶೋಧನೆ ಹೇಳಿತು, ಅರೆ-ಸ್ವಯಂಚಾಲಿತ ಟೂಲ್‌ಗಳ ಪಾತ್ರಾನೂ ಅದರಲ್ಲಿತ್ತು. ಡ್ರಾಫ್ಟ್ ಕ್ಯೂ ಕಥೆಯೂ ಹೀಗೇ. ಹೊಸಬರ ಲೇಖನ ಡ್ರಾಫ್ಟ್ ಆಗಿ ಕಾಯುತ್ತೆ, ಯಾರಾದ್ರೂ ನೋಡಿ ಒಪ್ಪಬೇಕು, ಹಳಬರು ನೇರ ಪುಟ ಮಾಡ್ತಾರೆ. ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಬಗ್ಗೆ ಬಂದ ಡ್ರಾಫ್ಟ್‌ನ 2018ರ ಮೇ ತಿಂಗಳಲ್ಲಿ ರೆಫರೆನ್ಸ್ ಸಾಲಲ್ಲ ಅಂತ ವಾಪಸ್ ಕಳಿಸಿದ್ರು, ಅಕ್ಟೋಬರ್ 2ಕ್ಕೆ ಅವರಿಗೆ ನೊಬೆಲ್ ಘೋಷಣೆ ಆಯ್ತು. ಕೊಟ್ಟ ರೆಫರೆನ್ಸ್ ನೋಡಿದ್ರೆ ನಿಯಮದ ಪ್ರಕಾರ ಆ ನಿರ್ಧಾರ ತಪ್ಪಲ್ಲ ಅಂತ ವಾದ ಮಾಡಬಹುದು, ನಾನೂ ಒಪ್ಕೊತೀನಿ, ಆದ್ರೆ ಸಾಲಲ್ಲ ಅಂತ ಹೇಳಿ ವಾಪಸ್ ಕಳಿಸೋದಕ್ಕೂ, ಬನ್ನಿ ಒಳ್ಳೇ ರೆಫರೆನ್ಸ್ ಹುಡುಕೋಣ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ.

ಹಳಬರ ಕಷ್ಟಾನೂ ಹೇಳ್ಬೇಕು. ಪುಟ ಹಾಳು ಮಾಡೋರು ಪ್ರತಿ ದಿನ ಬರ್ತಾರೆ, ಕ್ಲೂಬಾಟ್ ಎನ್‌ಜಿ ಅನ್ನೋ ಬಾಟ್ (ತಾನಾಗೇ ಕೆಲಸ ಮಾಡೋ ಪ್ರೋಗ್ರಾಂ) ಎಷ್ಟೋ ಕಸಾನ ಕ್ಷಣದಲ್ಲಿ ತೆಗೆದ್ರೂ ಉಳಿದಿದ್ದು ಮನುಷ್ಯರ ತಲೆ ಮೇಲೇ ಬೀಳುತ್ತೆ, ಕಂಪನಿ ಜಾಹೀರಾತನ್ನ ಲೇಖನ ಅಂತ ತುರುಕೋರು ಬೇರೆ, ಇದೆಲ್ಲ ಸಂಬಳ ಇಲ್ದೆ ಮಾಡೋ ಕೆಲಸ. ನೂರು ಕೆಟ್ಟ ಎಡಿಟ್ ನೋಡಿ ಸುಸ್ತಾದ ಕಣ್ಣಿಗೆ ನೂರಾ ಒಂದನೇದೂ ಕೆಟ್ಟದೇ ಅನ್ಸುತ್ತೆ, ನನಗೂ ಆಗಿದ್ದು ಅದೇ. ಈಗ ನಾನು ಒಂದು ಸಿಟ್ಟಿಂಗ್‌ಗೆ ಅರ್ಧ ಗಂಟೆಗಿಂತ ಜಾಸ್ತಿ ಹೊಸ ಎಡಿಟ್ ಕಾಯೋ ಪ್ಯಾಟ್ರೋಲ್ ಕೆಲಸ ಮಾಡಲ್ಲ, ಉದ್ದೇಶ ಕೆಟ್ಟದ್ದು ಅಂತ ಸ್ಪಷ್ಟ ಇಲ್ದಿದ್ರೆ ಟೆಂಪ್ಲೇಟ್ ಮುಟ್ಟಲ್ಲ, ಎರಡು ಸಾಲು ಕೈಯಾರೆ ಬರೀತೀನಿ. ನಿಧಾನ ಆಗುತ್ತೆ, ಆಗ್ಲಿ.

ಸುಧಾರಣೆ ಆಗಿಲ್ಲ ಅಂತಲ್ಲ. 2012ರಲ್ಲಿ ಹೊಸಬರಿಗಂತಲೇ ಟೀಹೌಸ್ ಅನ್ನೋ ಜಾಗ ಶುರು ಮಾಡಿದ್ರು, ಎಷ್ಟೇ ಸಣ್ಣ ಪ್ರಶ್ನೆ ಕೇಳಿದ್ರೂ ಅಲ್ಲಿ ಸಮಾಧಾನವಾಗಿ ಉತ್ತರ ಕೊಡ್ತಾರೆ, ಇಡೀ ವಿಕಿಪೀಡಿಯದಲ್ಲಿ ನನಗೆ ತುಂಬ ಇಷ್ಟದ ಪುಟ ಅದು. ಹೊಸ ಅಕೌಂಟ್‌ಗಳಿಗೆ ಸುಲಭ ಕೆಲಸ ತೋರಿಸಿ ಒಬ್ಬ ಮೆಂಟರ್‌ನ ಜೊತೆ ಮಾಡೋ ಹೋಮ್‌ಪೇಜೂ ಬಂದಿದೆ.

ರೇಟಿಂಗ್ ಕೊಡ್ಲೇಬೇಕು ಅಂದ್ರೆ ಹಳಬನಾಗಿ ಐದಕ್ಕೆ ನಾಲ್ಕೂವರೆ, ಹೊಸಬರ ಜಾಗದಲ್ಲಿ ನಿಂತು ನೋಡಿದ್ರೆ ಎರಡೂವರೆ. ಸೇರೋ ಮನಸ್ಸಿದ್ರೆ ಖಂಡಿತ ಸೇರಿ, ಆದ್ರೆ ಮೊದಲನೇ ದಿನಾನೇ ಹೊಸ ಲೇಖನ ಬರೆಯೋಕೆ ಹೋಗಬೇಡಿ, ನಿಮಗೆ ಚೆನ್ನಾಗಿ ಗೊತ್ತಿರೋ ವಿಷಯದಲ್ಲಿ ಒಂದು ವಾಕ್ಯ ಸೇರಿಸಿ, ಪಕ್ಕದಲ್ಲೇ ರೆಫರೆನ್ಸ್ ಹಾಕಿ, ಯಾಕೆ ಬದಲಾಯಿಸ್ದೆ ಅಂತ ಎಡಿಟ್ ಸಮ್ಮರಿಯಲ್ಲಿ ಬರೀರಿ. ಯಾರಾದ್ರೂ ರಿವರ್ಟ್ ಮಾಡಿದ್ರೆ ಮತ್ತೆ ಹಾಕಬೇಡಿ, ಆ ಲೇಖನದ ಟಾಕ್ ಪೇಜಲ್ಲಿ ಕೇಳಿ, ಅಲ್ಲಿ ಯಾರೂ ಉತ್ತರ ಕೊಡ್ಲಿಲ್ಲ ಅಂದ್ರೆ ಟೀಹೌಸ್‌ಗೆ ಬನ್ನಿ, ವಾರದಲ್ಲಿ ಒಂದೆರಡು ದಿನ ನಾನೂ ಅಲ್ಲಿ ಉತ್ತರ ಕೊಡ್ತಿರ್ತೀನಿ.